ಎಲ್ಲಕ್ಕೂ ‘ಆಗಲಿ’ ಎನ್ನುವ ನಾಡು

ಹೊಳೆದಂಡೆಯ ಒಂದು ಪುಟ್ಟ ನಾಡಿನಲ್ಲಿ ದೊರೆಯ ಆಳ್ವಿಕೆ ಮುಗಿಯಿತು. ಇನ್ನು ನಮ್ಮನ್ನು ನಾವೇ ಆಳಿಕೊಳ್ಳೋಣ ಎಂದರು ಜನ. ಆದರೆ ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಇಂಥ ಹೊಸ ನಾಡುಗಳಿಗೆ ಲಾಭ ಬಯಸದೆ ನೆರವಾಗುವ ಸಂಘವೊಂದಿತ್ತು. ಅದು ಅಂಬಕ್ಕ ಎಂಬ ಅನುಭವಸ್ಥೆಯನ್ನು ಅಲ್ಲಿಗೆ ಕಳುಹಿಸಿತು.

ಮೊದಲ ಸಭೆ ಸೇರಿತು. ಊರಿಗಿದ್ದ ಒಂದೇ ದೋಣಿ ಹೊಳೆ ದಾಟುವ ಯಾವ ಕಡವಿನಲ್ಲಿ ನಿಲ್ಲಬೇಕು ಎಂಬುದು ಪ್ರಶ್ನೆ.

“ಮೇಲಿನ ಕಡವು ಆಗಬಹುದೇ?” ಎಂದಳು ಅಂಬಕ್ಕ.

“ಆಗಲಿ” ಎಂದರು ಎಲ್ಲರೂ.

“ಕೆಳಗಿನ ಕಡವು?”

“ಆಗಲಿ.”

ಇದೇನು ವಿಚಿತ್ರ ಎಂದು ಅವಳಿಗೆ ಕುತೂಹಲ ಹುಟ್ಟಿತು. “ದೋಣೀನ ಒಡೆದು ಸೌದೆ ಮಾಡೋಣವೇ?”

“ಆಗಲಿ” ಎಂದಿತು ಸಭೆ. ಒಬ್ಬರೂ ನಗಲಿಲ್ಲ. ಮೂರು ತಲೆಮಾರಿನಿಂದ ದೊರೆಯ ಮುಂದೆ ಅವರು ಆಡಿದ್ದು ಆ ಒಂದೇ ಮಾತು. ‘ಬೇಡ’ ಅಂದವರು ಮನೆಗೆ ಮರಳಿದ್ದೇ ಇಲ್ಲ.

“ನೀವೇ ಹೇಳಿಬಿಡಿ ಅಕ್ಕ, ತಿಳಿದವರು” ಎಂದರು ಹಿರಿಯರು.

ಹೇಳುವುದೇನೋ ಸುಲಭವಾಗಿತ್ತು. ಹಿಂದಿನ ದಿನವೇ ಅವಳು ಎರಡೂ ಕಡವು ನೋಡಿ ಬಂದಿದ್ದಳು. ಬಡವರ ಮನೆಗಳಿಗೆ ಹತ್ತಿರವಾದ ಕೆಳಗಿನದೇ ಸರಿ ಎಂದು ಅವಳಿಗೆ ಖಚಿತವಾಗಿತ್ತು. ಆದರೂ ಮಾತು ನುಂಗಿಕೊಂಡಳು.

“ಯಾರಾದ್ರೂ ಒಬ್ಬರು ‘ಬೇಡ’ ಅನ್ನೋವರೆಗೂ ನಾನು ಇಲ್ಲಿಂದ ಏಳೋದಿಲ್ಲ, ಸಭೆಯೂ ಮುಗಿಯೋದಿಲ್ಲ” ಎಂದು ಕೂತುಬಿಟ್ಟಳು.

ಹೊತ್ತು ನೆತ್ತಿಗೇರಿತು. ಎಲ್ಲರ ಹೊಟ್ಟೆ ಚುರುಗುಟ್ಟಿತು. ಹಸಿವಿಗಿಂತ ಒಳ್ಳೆಯ ಮೇಷ್ಟ್ರಿಲ್ಲ, ನೋಡಿ. ಕೊನೆಗೆ ಮಡಕೆ ಮಾಡುವ ಕೆಂಚವ್ವ ಎದ್ದಳು.

“ಮೇಲಿನ ಕಡವು ಬೇಡ ಅಕ್ಕ. ನನ್ನ ಸೊಸೆಗೆ ಎಂಟು ತಿಂಗಳು ತುಂಬಿದೆ. ಸೂಲಗಿತ್ತಿ ಇರೋದು ಆಚೆ ದಡದಲ್ಲಿ. ನೋವು ಬಂದ್ರೆ ಅಷ್ಟು ದೂರ ಹೇಗೆ ನಡೀತಾಳೆ?”

ಎಲ್ಲರೂ ಸುತ್ತ ನೋಡಿದರು. ಯಾರೂ ಅವಳನ್ನು ಎಳೆದೊಯ್ಯಲಿಲ್ಲ. ಅದನ್ನು ಕಂಡು ಅಂಬಿಗರ ತಿಪ್ಪಯ್ಯನಿಗೂ ಧೈರ್ಯ ಬಂತು.

“ಕೆಳಗಿನ ಕಡವೂ ಬೇಡ. ನೀರು ಏರಿದಾಗ ಅಲ್ಲಿ ಸುಳಿ ಏಳುತ್ತೆ. ದೋಣಿ ಮಗುಚುತ್ತೆ” ಎಂದ.

ಆಮೇಲೆ ಕೇಳಬೇಕೆ! ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದರು, ಜಗಳವೂ ಆಯಿತು. ಸಂಜೆಯೊಳಗೆ ಎರಡರ ನಡುವೆ, ಕೆಂಚವ್ವನ ಕೇರಿಗೆ ಹತ್ತಿರದ, ಸುಳಿ ಏಳದ ಬಂಡೆಯ ಬಳಿ ಹೊಸ ಕಡವು ನಿಶ್ಚಯವಾಯಿತು.

ಅಂಬಕ್ಕನಿಗೆ ಮಾತ್ರ ಒಳಗೊಳಗೇ ಭಯವಾಗಿತ್ತು. ತಿಪ್ಪಯ್ಯನನ್ನು ಬದಿಗೆ ಕರೆದು ಕೇಳಿದಳು: “ಬೆಳಿಗ್ಗೆ ನಾನೇ ಕೆಳಗಿನ ಕಡವು ಅಂದಿದ್ರೆ ಏನು ಮಾಡ್ತಿದ್ದೆ?”

ತಿಪ್ಪಯ್ಯ ತಲೆ ತಗ್ಗಿಸಿದ.

“ಆಗಲಿ ಅಂತಿದ್ದೆ ಅಕ್ಕ.”

ನೀತಿ: ‘ಬೇಡ’ ಎನ್ನಲು ಅಂಜುವ ಜನ ತಮ್ಮನ್ನು ತಾವು ಆಳಿಕೊಳ್ಳಲಾರರು. ನೆರವಿಗೆ ಹೋದವರು ತಮ್ಮ ಉತ್ತರವನ್ನು ಅವರ ಮೇಲೆ ಹೇರಬಾರದು. ಅವರ ಬಾಯಿಂದ ಮಾತು ಹೊರಡುವವರೆಗೆ ಕಾಯಬೇಕು.