ಸಣ್ಣೀರ ಹೊಸ ಹುಲ್ಲಿಗೆ ಎಳೆದದ್ದು

ನಗೋದಾದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುತ್ತೋ ಇಲ್ಲವೋ. ಒಂದೂರಲ್ಲಿ ಹೊನ್ನಮ್ಮ ಅಂತ ತಾಯಿ, ಅವಳಿಗೆ ಸಣ್ಣೀರ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. ಅವ್ವನಿಗೋ ಎದೆಯಲ್ಲಿ ಕೆಮ್ಮು ಕೂತಿತ್ತು. ತಾನು ಕಣ್ಣು ಮುಚ್ಚುವ ಮೊದಲು ಮಗ ಒಂದು ಕಸುಬು ಕಲಿಯಲಿ ಅಂತ ಮಾಂಸದ ಕೋಳಿ ತಂದಳು. ಬಿದಿರಿಗೆ ಬಲೆ ಕಟ್ಟಿ, ತಳವೇ ಇಲ್ಲದ ಗೂಡು ಮಾಡಿ, ಹುಲ್ಲುಗಾವಲಲ್ಲಿ ಇಟ್ಟಳು.

"ಲೋ ಸಣ್ಣೀರ, ಒಂದೇ ಕಡೆ ಬಿದ್ದಿದ್ರೆ ಹಿಕ್ಕೆ ತುಳಿದು ಕಾಯ್ಲೆ ಬೀಳ್ತವೆ. ದಿನಾ ಬೆಳಗ್ಗೆ ಗೂಡನ್ನ ಹೊಸ ಹುಲ್ಲಿಗೆ ತಗೊಂಡೋಗು. ಹೊಸ ಹುಲ್ಲಲ್ಲಿ ಯಾವ ಕಾಯ್ಲೆನೂ ಹತ್ರ ಸುಳಿಯಲ್ಲ."

"ಆಗ್ಲಿ ಕಣವ್ವ!"

ಬೆಳಗ್ಗೆ ಗೂಡನ್ನು ಎತ್ತಿ ತಲೆಮೇಲಿಟ್ಟುಕೊಂಡು ಹೋದ. ಗೂಡು ಹೋಯಿತು, ಕೋಳಿಗಳು ಅಲ್ಲೇ ಉಳಿದವು. ನಾಯಿಗಳಿಗೆ ಹಬ್ಬವಾಯಿತು.

"ಅಯ್ಯೋ ನಿನ್ನ! ಎತ್ತಬಾರದು ಕಣೋ, ನೆಲದ ಮೇಲೇ ಮೆಲ್ಲಗೆ ಎಳೀಬೇಕು. ಅವು ನಡೆದ್ರೆ ನೀನು ನಡಿ, ಅವು ನಿಂತ್ರೆ ನೀನೂ ನಿಲ್ಲು!"

"ಹಂಗೇ ಮಾಡ್ತೀನಿ ಕಣವ್ವ!"

ಸಂತೆ ದಿನ, ನಾಯಿ ಬಾಯಿಗೆ ಸಿಗದೆ ಉಳಿದಿದ್ದ ಹುಂಜಗಳನ್ನು ಮಾರಲು ಕಳಿಸಿದಳು. ಸಣ್ಣೀರ ಹುಂಜಗಳ ಕಾಲಿಗೆ ಹಗ್ಗ ಕಟ್ಟಿ ನಡೆಸಿಕೊಂಡು ಹೊರಟ. ಅವು ನಿಂತರೆ ಇವನೂ ನಿಂತ. ಅವು ಬೇಲಿ ಕೆದಕಿದರೆ ಇವನು ಬೇಲಿ ಪಕ್ಕ ಕೂತ. ಇವನು ಮುಟ್ಟುವಷ್ಟರಲ್ಲಿ ಸಂತೆ ಎದ್ದುಹೋಗಿತ್ತು.

"ನನ್ನ ಕರ್ಮವೇ! ಎರಡೂ ಕಾಲಿಗೆ ದಾರ ಕಟ್ಟಿ, ತಲೆಕೆಳಗು ಮಾಡಿ ಹಿಡ್ಕೊಂಡು ಬಿರಬಿರನೆ ನಡೀಬೇಕು ಕಣೋ. ಆಗ ಮಿಸುಕಾಡಲ್ಲ!"

"ಇನ್ಮೇಲೆ ಹಂಗೇ ಕಣವ್ವ!"

ಕೆಮ್ಮು ಜೋರಾಯಿತು, ಹೊನ್ನಮ್ಮ ಹಾಸಿಗೆ ಹಿಡಿದಳು. ಔಷಧಿ ತರಲು ಮಗನನ್ನೇ ಕಳಿಸಿದಳು, ಇನ್ಯಾರಿದ್ದರು? ಆಸ್ಪತ್ರೆ ಕಾಂಪೌಂಡರ್ ಸೀಸೆ ತುಂಬಿ, ಬಿರಡೆ ಒತ್ತಿ ಕೊಟ್ಟ. ಸಣ್ಣೀರ ಸೀಸೆಯ ಬುಡಕ್ಕೆ ದಾರ ಕಟ್ಟಿ, ತಲೆಕೆಳಗಾಗಿ ಹಿಡಿದು ಬಿರಬಿರನೆ ನಡೆದ. ಬಿರಡೆ ಎಲ್ಲಿ ಬಿತ್ತೋ, ಮನೆಗೆ ಬಂದದ್ದು ಬರೀ ಸೀಸೆ.

"ನೋಡವ್ವ, ಒಂಚೂರೂ ಮಿಸುಕಾಡ್ಲಿಲ್ಲ!"

ಅವ್ವ ಬೈಯಲು ಬಾಯಿ ತೆರೆದಳು, ಕೆಮ್ಮು ಬಿಡಲಿಲ್ಲ. "ನಾನು ಹೋದ್ರೆ ನಿನಗ್ಯಾರೋ ದಿಕ್ಕು?" ಅಂತ ಅತ್ತಳು. ಸಣ್ಣೀರ ಅವಳ ಕಣ್ಣು ಒರೆಸಿದ. ಅವನಿಗೆ ಇದ್ದವಳು ಅವಳೊಬ್ಬಳೇ. ಅವ್ವ ಹೇಳಿಕೊಟ್ಟದ್ದನ್ನೆಲ್ಲ ನೆನಪು ಮಾಡಿಕೊಂಡ. ಹೌದಲ್ಲ, ಒಂದೇ ಕಡೆ ಬಿದ್ದಿದ್ದಕ್ಕೇ ಕಾಯಿಲೆ!

ಬೆಳಗ್ಗೆ ಮಂಚಕ್ಕೆ ಹಗ್ಗ ಕಟ್ಟಿ ಅವ್ವನನ್ನು ಹೊಸ ಹುಲ್ಲಿಗೆ ಎಳೆದ. ಎತ್ತಲಿಲ್ಲ, ಮೆಲ್ಲಗೆ ಎಳೆದ. ಅವಳು ಕೆಮ್ಮಿದರೆ ನಿಂತ, ಕೆಮ್ಮು ನಿಂತರೆ ನಡೆದ. ಹುಲ್ಲಿನ ಮೇಲೆ ಎಳೆಬಿಸಿಲಿತ್ತು. ಅವ್ವ ಮಗನ ಕೈ ಹಿಡಿದು, "ಈಗ ಸರಿಯಾಗಿ ಎಳೆದೆ ಕಣೋ ಮಗ" ಅಂದಳು. ಆಮೇಲೆ ಕೆಮ್ಮಲೇ ಇಲ್ಲ.

"ವಾಸಿಯಾಯ್ತು! ಅವ್ವಂಗೆ ವಾಸಿಯಾಯ್ತು!" ಅಂತ ಸಣ್ಣೀರ ಕುಣಿದ.

ಊರವರು ಬಂದು ಚಟ್ಟಕ್ಕೆ ಹೆಗಲು ಕೊಟ್ಟಾಗ ಅಡ್ಡ ನಿಂತ. "ಎತ್ತಬ್ಯಾಡಿ ಕಣ್ರಪ್ಪೋ! ಎತ್ತಿದ್ರೆ ಅವ್ವ ಅಲ್ಲೇ ಉಳ್ಕೋತಾಳೆ! ಮೆಲ್ಲಗೆ ಎಳೀಬೇಕು!" ಅವರು ಎತ್ತಿದರು, ಮಣ್ಣು ಮಾಡಿ ಬಂದರು.

ಮಾರನೆ ಬೆಳಗ್ಗೆ ಕೋಳಿಗೂಡು ಹಳೆಯ ಜಾಗದಲ್ಲೇ ಇತ್ತು. ಸಣ್ಣೀರ ಬರೀ ಮಂಚವನ್ನು ಹೊಸ ಹುಲ್ಲಿಗೆ ಎಳೆಯುತ್ತಿದ್ದ. ಕೆಮ್ಮು ಮುಗಿಯಲಿ ಅಂತ ಅಲ್ಲಲ್ಲಿ ನಿಲ್ಲುತ್ತಿದ್ದ. ಹುಲ್ಲು ಮುಟ್ಟಿದ ಮೇಲೆ ಹಿಂದಿರುಗಿ ನೋಡಿದ.

"ಎಲ್ಲಿ ತಪ್ಪಿದೆ? ಬೈಯವ್ವ, ಬೈದು ಹೇಳಿಕೊಡವ್ವ!"