ಉಸಿರಿನ ಗೆರೆ

"ಗುರುಗಳೇ, ಮೂರು ಕೆಲಸ ಹಿಡಿದವರು ಒಂದರಲ್ಲೂ ದಡ ಮುಟ್ಟುವುದಿಲ್ಲ ಎನ್ನುತ್ತಾರೆ. ನಾನು ಯಾವುದನ್ನು ಬಿಡಲಿ?" ಎಂದು ದಾಕ್ಷಾಯಿಣಿ ಕೇಳಿದಳು.

ಅವಳು ಮಠದಲ್ಲಿ ಹಾಡುತ್ತಿದ್ದಳು. ತಾನೇ ಹಾಡು ಕಟ್ಟುತ್ತಿದ್ದಳು. ಈಚೆಗೆ ನೇಕಾರರ ಕೇರಿಯ ಪರವಾಗಿ ಅರ್ಜಿಗಳನ್ನೂ ಬರೆಯತೊಡಗಿದ್ದಳು. ಮಠದ ಹಿರಿಯರಿಗೆ ಅದು ಹಿಡಿಸಿರಲಿಲ್ಲ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡು, ಇಲ್ಲವೇ ಮಠ ಬಿಡು ಎಂದಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅರಸನ ಆಸ್ಥಾನದಲ್ಲಿ ಒಬ್ಬ ಕೊಳಲುಗಾರನಿದ್ದ. ನಡುವಯಸ್ಸಿಗೆ ಬರುವ ಮೊದಲೇ ಅವನ ಮುಂದಿನ ಎರಡು ಹಲ್ಲು ಬಿದ್ದವು. ಕೊಳಲಿಗಿಂತ ಮೊದಲು ಹಲ್ಲಿನ ಸಂದಿಯೇ ರಾಗ ಎತ್ತುತ್ತದೆ ಎಂದು ಜೊತೆಯವರು ಆಡಿಕೊಂಡರು. ಅವನು ಹಟದ ಮನುಷ್ಯ. ಕೊಳಲನ್ನು ಗೂಡಿನಲ್ಲಿಟ್ಟು ಹಾಡು ಕಟ್ಟತೊಡಗಿದ. ಉಸಿರನ್ನೇ ನಂಬಿ ಬದುಕಿದವನಾದ್ದರಿಂದ, ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಹಾಳೆಯ ಮೇಲೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದ. ಹಾಗೆ ಗೆರೆ ಎಳೆಯುವವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹಾಡುಗಳು ಅರಮನೆ ದಾಟಿ ಬೀದಿಗೆ ಬಂದವು. ಬೀದಿಯಿಂದ ಕಡಲದಂಡೆಯಲ್ಲಿ ಉಪ್ಪು ತೆಗೆಯುವ ಆಗರಕ್ಕೆ ಹೋದವು. ಅಲ್ಲಿಯ ಹೆಂಗಸರು ತನ್ನ ಹಾಡು ಹಾಡುತ್ತಾರೆಂದು ತಿಳಿದು ಅವನು ಸಂತೋಷದಿಂದ ಕೇಳಲು ಹೋದ.

ಹೆಂಗಸರು ಸಾಲಾಗಿ ನಿಂತು ಉಪ್ಪಿನ ಪಾತಿಯ ಕೆಸರನ್ನು ತುಳಿದು ಗಟ್ಟಿ ಮಾಡುತ್ತಿದ್ದರು. ಅವನು ನಿಧಾನ ಗತಿಯಲ್ಲಿ ಕಟ್ಟಿದ ಹಾಡು ಅವರ ಬಾಯಲ್ಲಿ ಓಡುತ್ತಿತ್ತು. ಉದ್ದದ ಸ್ವರಗಳನ್ನೆಲ್ಲ ಕತ್ತರಿಸಿದ್ದರು. ಬೆಳದಿಂಗಳ ಸಾಲು ತೆಗೆದು ಆ ಜಾಗದಲ್ಲಿ ಮೇಲ್ವಿಚಾರಕನ ಹೊಟ್ಟೆಯನ್ನು ವರ್ಣಿಸಿದ್ದರು. ಅವನಿಗೆ ಮೈ ಉರಿಯಿತು. ನನ್ನ ಹಾಡಿನ ಕೈಕಾಲು ಮುರಿದಿದ್ದೀರಿ ಎಂದು ಬೈದ.

ಅವರಲ್ಲಿ ಹಿರಿಯಳು ತುಳಿಯುವುದನ್ನು ನಿಲ್ಲಿಸದೆ ಹೇಳಿದಳು: "ನಿಮ್ಮ ಹಾಡು ಚೆಂದವೇ ಅಯ್ಯಾ. ಆದರೆ ಅಷ್ಟು ಸಾವಕಾಶ ತುಳಿದರೆ ಕಾಲು ಕೆಸರಿನಲ್ಲೇ ಕೂತುಬಿಡುತ್ತದೆ. ಒಂದು ಗಳಿಗೆ ಇಳಿದು ನೋಡಿ, ಆಮೇಲೆ ಬೈಯಿರಿ."

ಹಟಕ್ಕೆ ಬಿದ್ದು ಅವನು ಇಳಿದ. ಮಧ್ಯಾಹ್ನದ ಹೊತ್ತಿಗೆ ಅಂಗಾಲು ಬಿರಿದು ಬಿರುಕಿನೊಳಗೆ ಉಪ್ಪು ಹೊಕ್ಕಿತು. ನಾಲಿಗೆ ಒಣಗಿತು. ನೀರು ಕುಡಿಯಲು ಬದುವಿಗೆ ಹೊರಟವನನ್ನು ಹೆಂಗಸರು ತಡೆದರು. ಪಾತಿ ಮುಗಿಯುವ ಮೊದಲು ಬದು ಏರಿದವರನ್ನು ಮರುದಿನದಿಂದ ಕೆಲಸಕ್ಕೆ ಸೇರಿಸುವುದಿಲ್ಲ ಎಂಬ ಕಟ್ಟಳೆ ಇತ್ತು. ಅವನಿಗೆ ಆಗ ತಿಳಿಯಿತು. ಉದ್ದದ ಸ್ವರ ಹಿಡಿಯುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು ಅದನ್ನು ಹಾಡು ಮಾಡಲು ಕೂತ. ಹಾಡು ಚೆನ್ನಾಗಿಯೇ ಬಂತು. ಅರಮನೆಯವರು ಕೇಳಿ ತಲೆದೂಗುತ್ತಾರೆ, ಆಮೇಲೆ ಊಟಕ್ಕೆ ಏಳುತ್ತಾರೆ ಎಂದು ಯೋಚಿಸಿ ಅದನ್ನು ಹರಿದು ಹಾಕಿದ. ಬರಿಯ ಮಾತಿನಲ್ಲಿ ಬರೆದ. ಕಟ್ಟಳೆ ಮಾಡಿದವರು ಯಾರು, ಅದರಿಂದ ಯಾರ ಮನೆ ಬೆಳೆಯಿತು, ಬದುವಿಗೆ ಹೋಗಿ ನೀರು ಕುಡಿಯಲು ಯಾರ ಅಪ್ಪಣೆ ಬೇಕು ಎಂದು ಬರೆದ. ಹೆಸರು ಹಾಕಲಿಲ್ಲ. ಓದಬಲ್ಲವರು ಉಳಿದವರಿಗೆ ಗಟ್ಟಿಯಾಗಿ ಓದಬೇಕಲ್ಲ ಎಂದು, ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಿ ಅವನ ಕೈ ರೂಢಿಯಂತೆ ಗೆರೆ ಎಳೆಯಿತು. ಆ ಗೆರೆ ತನ್ನ ಹೆಸರಷ್ಟೇ ಸ್ಪಷ್ಟ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬರಹ ಸಂತೆಯಲ್ಲಿ, ದೋಣಿಯಲ್ಲಿ, ಕಟ್ಟೆಗಳ ಮೇಲೆ ಓದಿಸಿಕೊಂಡಿತು. ಒಂದು ದಿನ ಎಲ್ಲ ಆಗರಗಳ ಹೆಂಗಸರೂ ಒಟ್ಟಿಗೆ ಬದು ಏರಿ ನೀರು ಕುಡಿದರು. ಗೆರೆಯ ಗುರುತು ಸಿಕ್ಕಿ, ವಾರದೊಳಗೆ ಕೊಳಲುಗಾರನಿಗೆ ಅರಮನೆಯಿಂದ ಕರೆ ಬಂತು.

ಆಸ್ಥಾನದ ವಿದ್ವಾಂಸರು ಇವನು ಬರಹಗಾರನೇ ಅಲ್ಲ ಎಂದರು. ಸಂಗೀತಗಾರರು ಇವನು ಈಗ ಸಂಗೀತಗಾರನೂ ಅಲ್ಲ ಎಂದರು. ಅರಸ ಕೆಟ್ಟವನಲ್ಲ. ಇವನ ಹಾಡನ್ನು ಮೆಚ್ಚಿದವನು. ಕೊಳಲು, ಹಾಡು, ಬರಹ, ಇವುಗಳಲ್ಲಿ ನಿನ್ನ ಕೆಲಸ ಯಾವುದು ಎಂದು ಕೇಳಿದ. ಸಂಗೀತ ಎಂದು ಒಂದು ಮಾತು ಹೇಳು, ಬರೆದದ್ದು ಬುದ್ಧಿಯ ತಪ್ಪು ಎಂದುಕೊಳ್ಳುತ್ತೇನೆ, ನಿನ್ನ ಹಾಡು ಇಲ್ಲಿ ನಡೆಯುತ್ತಿರುತ್ತದೆ ಎಂದ. ಇಲ್ಲದಿದ್ದರೆ ಊರು ಬಿಡಬೇಕಿತ್ತು.

 ಕೊಳಲುಗಾರನ ಹಾಡುಗಳನ್ನು ಉದ್ದದ ಸ್ವರಗಳ ಸಮೇತ ಪೂರ್ತಿ ಹಾಡುವ ಜಾಗ ಲೋಕದಲ್ಲಿ ಆ ಅರಮನೆಯೊಂದೇ ಇತ್ತು. ಆದರೂ ಅವನು ಹೇಳಿದ: "ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ತೋರಿಸುವುದು ನನ್ನ ಕೆಲಸ, ಪ್ರಭು. ನಾನು ಬೇರೇನೂ ಮಾಡಿಲ್ಲ."

ಅಂದೇ ಅವನು ಊರು ಬಿಟ್ಟ. ಅರಮನೆಯಲ್ಲಿ ಅವನ ಹಾಡು ನಿಂತಿತು. ಮಳೆಗಾಲ ಕಳೆದು ಆಗರಗಳು ಮತ್ತೆ ತೆರೆದಾಗ ಪ್ರತಿ ಪಾತಿಯ ಪಕ್ಕದಲ್ಲೂ ನೀರಿನ ಗಡಿಗೆ ಇತ್ತು. ಯಾರು ಇಡಿಸಿದರೆಂದು ಯಾರೂ ಬಾಯಿಬಿಡಲಿಲ್ಲ.

ಕತೆ ಮುಗಿಯಿತು. ದಾಕ್ಷಾಯಿಣಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಗುರುಗಳೇ, ಮೂರರಲ್ಲಿ ಅವನ ನಿಜವಾದ ಕೆಲಸ ಯಾವುದು?"

"ಅದನ್ನು ಅರಸ ಕೇಳಿದ, ತಾಯಿ, ಆಗರದ ಹೆಂಗಸರಲ್ಲಿ ಒಬ್ಬಳೂ ಕೇಳಲಿಲ್ಲ."