ನೂರೊಂದು ಡಿಗ್ರಿಯ ಔಷಧಿ

ಮಧ್ಯಾಹ್ನ, ಎರಡು ವರ್ಷದ ಮಗು ಪಂಚಮಿಯ ಕಂಕುಳಿನಿಂದ ಹೊರಬಂದ ಥರ್ಮಾಮೀಟರ್ ಕೂಗಿತು: "ನೂರೊಂದು! ತಡಮಾಡದೆ ಜ್ವರದ ಔಷಧಿ ಹಾಕಿ."

ಮಕ್ಕಳಿಗೆ ಔಷಧಿ ಕುಡಿಸುವ ಬೆಳ್ಳಿ ಒಳಲೆ ಹೇಳಿತು: "ಮಗು ತಟ್ಟೆ ಬಡಿಯುತ್ತಾ ಆಡುತ್ತಿದೆ. ನೀರು ಕುಡಿಸಿ ನೋಡೋಣ."

"ನಾನು ಹೇಳುವುದು ಅಂಕಿ. ಅಂಕಿಗೆ ಎದುರು ಮಾತಿಲ್ಲ."

ಅಂಕಿ ಕೇಳಿಯೇ ತಾಯಿ ಸುಗಂಧಿಗೆ ಗಾಬರಿಯಾಯಿತು. ಔಷಧಿ ಅಳೆದು ಒಳಲೆಗೆ ಸುರಿದು, ಮಗುವನ್ನು ಹಿಡಿದು ಕಾಲಮೇಲೆ ಮಲಗಿಸಿಕೊಂಡಳು. ಆಟ ಬಿಡಿಸಿದ ಸಿಟ್ಟಿಗೆ ಮಗು ಕೈ ಬೀಸಿತು. ಔಷಧಿಯೆಲ್ಲ ತಾಯಿಯ ಸೀರೆಯ ಮೇಲೆ ಚೆಲ್ಲಿತು.

ಸಂಜೆ ಥರ್ಮಾಮೀಟರ್, "ಬರೀ ನೂರು, ಚಿಂತೆಯಿಲ್ಲ" ಎಂದಿತು. ಆದರೆ ಮಗು ತಟ್ಟೆ ಮುಟ್ಟಲಿಲ್ಲ. ನೀರೂ ಬೇಡವೆಂದು ತಾಯಿಯ ಹೆಗಲಿಗೆ ಒರಗಿ ನರಳುತ್ತಿತ್ತು.

"ಈಗ ನನ್ನನ್ನು ತುಂಬಮ್ಮ" ಎಂದಿತು ಒಳಲೆ.

ಸುಗಂಧಿ ಅಳೆದು ತುಂಬಿದಳು. ಮಗು ತಕರಾರಿಲ್ಲದೆ ನುಂಗಿತು. ಸ್ವಲ್ಪ ಹೊತ್ತಿಗೆ ನೀರು ಕೇಳಿತು, ಆಮೇಲೆ ತಟ್ಟೆ ಕೇಳಿತು.

ಥರ್ಮಾಮೀಟರ್ ಮೆಲ್ಲಗೆ ಕೇಳಿತು: "ಹಾಗಾದರೆ ಮಧ್ಯಾಹ್ನ ಔಷಧಿ ಬೇಕಾಗಿದ್ದು ಯಾರಿಗೆ?"

"ತಾಯಿಗೆ" ಎಂದಿತು ಒಳಲೆ. "ಬೇಕಾದವರ ಮೇಲೇ ಬಿತ್ತಲ್ಲ!"